ಗಡಿಯಾರ, ಸರಪಳಿ, ಹಗ್ಗ

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಾಲ್ಕು ದಿನ ಇದ್ದು ಬಂದವರಿಗೆ ಒಂದು ವಿಚಿತ್ರ ಅನುಭವವಾಗಿರುತ್ತದೆ. ಮೊದಲ ರಾತ್ರಿ ಮಗ್ಗದ ಸದ್ದಿನಿಂದ ನಿದ್ರೆ ಬರುವುದಿಲ್ಲ. ನಾಲ್ಕನೆಯ ರಾತ್ರಿ ಆ ಸದ್ದು ನಿಂತರೆ ಎಚ್ಚರವಾಗುತ್ತದೆ. ಆ ಮನೆಗಳ ಹೆಂಗಸರಿಗೆ ಒಲೆಯ ಮುಂದೆ ಒಗ್ಗರಣೆ ಹಾಕುತ್ತಿರುವಾಗಲೂ ಒಂದು ಕಿವಿ ಮಗ್ಗದ ಮೇಲೆಯೇ ಇರುತ್ತದೆ. ಟಕಟಕ ಎನ್ನುವುದು ನಿಂತಿತೆಂದರೆ ಕರೆಂಟು ಹೋಗಿರಬೇಕು, ಇಲ್ಲವೆ ಎಳೆ ಹರಿದಿರಬೇಕು. ಎಳೆ ಹರಿದುದನ್ನು ಕಾಣದೆ ಮಗ್ಗ ಓಡುತ್ತಲೇ ಇದ್ದರೆ ಸೀರೆಯ ಮೈಯಲ್ಲಿ ಗೆರೆ ಬೀಳುತ್ತದೆ. ಗೆರೆ ಬಿದ್ದ ಸೀರೆಗೆ ಅಂಗಡಿಯವನು ಅರ್ಧ ಬೆಲೆ ಕಟ್ಟುತ್ತಾನೆ. ಆದುದರಿಂದ ಅಲ್ಲಿ ಮಗ್ಗ ಓಡುವುದು ಹೇಗೆ ಕೆಲಸವೋ, ಸಮಯಕ್ಕೆ ಸರಿಯಾಗಿ ನಿಲ್ಲುವುದೂ ಹಾಗೆಯೇ ಕೆಲಸ. ಇದನ್ನು ಅವರಿಗೆ ಯಾರೂ ಪುಸ್ತಕದಿಂದ ಹೇಳಿಕೊಡಬೇಕಾಗಿಲ್ಲ.

ದೊಡ್ಡ ಕಾರ್ಖಾನೆಗಳನ್ನು ಕಟ್ಟಿದವರಿಗೆ ಈ ಸಣ್ಣ ಮಾತು ಹೊಳೆಯುವುದಕ್ಕೆ ಬಹಳ ಕಾಲ ಹಿಡಿಯಿತು. ಉತ್ಪಾದನಾ ನಿರ್ವಹಣೆ ಎಂಬ ಹೆಸರಿನಿಂದ ಇಂದು ಕಾಲೇಜುಗಳಲ್ಲಿ ಒಂದು ಶಾಸ್ತ್ರವನ್ನು ಕಲಿಸುತ್ತಾರೆ. ಪಠ್ಯಪುಸ್ತಕವನ್ನು ತೆರೆದರೆ ಅದು ಒಣ ವ್ಯಾಖ್ಯೆಗಳ ಒಂದು ಕಟ್ಟು: ಶ್ರಮ ವಿಭಜನೆ, ಕಾಲಮಾಪನ, ದಾಸ್ತಾನು, ಗುಣಮಟ್ಟ ಹೀಗೆ. ಪರೀಕ್ಷೆ ಮುಗಿದ ಮೇಲೆ ಯಾರೂ ನೆನಪಿಟ್ಟುಕೊಳ್ಳದ ಮಾತುಗಳು. ಆದರೆ ಈ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಜಗಳವಿದೆ. ಆ ಜಗಳಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಒಂದೇ ಪ್ರಶ್ನೆ. ಕೆಲಸವನ್ನು ಓಡಿಸುವ ಅಧಿಕಾರ ಯಜಮಾನನದೆಂಬುದನ್ನು ಎಲ್ಲರೂ ಒಪ್ಪಿಕೊಂಡರು. ನಿಲ್ಲಿಸುವ ಅಧಿಕಾರ ಯಾರದು?

ಕತೆಯನ್ನು ಆಡಂ ಸ್ಮಿತ್ತನ ಗುಂಡುಸೂಜಿಯಿಂದ ಆರಂಭಿಸುವುದು ವಾಡಿಕೆ. 1776ರಲ್ಲಿ ಪ್ರಕಟವಾದ ತನ್ನ ಹೆಸರಾಂತ ಗ್ರಂಥದಲ್ಲಿ ಆತನು ಒಂದು ಗುಂಡುಸೂಜಿಯ ಕೆಲಸ ಸುಮಾರು ಹದಿನೆಂಟು ಹಂತಗಳಾಗಿ ಒಡೆಯುತ್ತದೆಂದೂ, ಅವನ್ನು ಹಂಚಿಕೊಂಡು ಹತ್ತು ಮಂದಿ ದಿನಕ್ಕೆ 48,000 ಸೂಜಿಗಳನ್ನು ಮಾಡುತ್ತಾರೆಂದೂ ಬರೆದನು. ಒಬ್ಬನೇ ಎಲ್ಲವನ್ನೂ ಮಾಡಹೊರಟರೆ ದಿನಕ್ಕೆ ಇಪ್ಪತ್ತೂ ಆಗುವುದು ಕಷ್ಟ. ಅಲ್ಲಿಂದ ಮುಂದೆ ಕಾರ್ಖಾನೆಗಳು ಬೆಳೆದವು, ಉಗಿಯಂತ್ರ ಬಂದಿತು, ಊರುಗಳು ಹೊಗೆಯಲ್ಲಿ ಮುಳುಗಿದವು. ಆದರೂ ಲೇತಿನ ಮುಂದೆ ನಿಂತವನು ತನ್ನ ಕೆಲಸವನ್ನು ಹೇಗೆ ಮಾಡುತ್ತಾನೆ, ಅದಕ್ಕೆ ಎಷ್ಟು ಹೊತ್ತು ಬೇಕು ಎಂಬ ಗುಟ್ಟು ಮಾತ್ರ ನೂರು ವರ್ಷ ಕಳೆದರೂ ಅವನ ಕೈಯಲ್ಲಿಯೇ ಉಳಿದಿತ್ತು.

ಆ ಗುಟ್ಟಿಗೆ ಕೈಹಾಕಿದವನು ಫ್ರೆಡರಿಕ್ ವಿನ್ಸ್ಲೋ ಟೇಲರ್. 1856ರಲ್ಲಿ ಅಮೆರಿಕೆಯ ಫಿಲಡೆಲ್ಫಿಯದ ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದ ಈತನು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೂ, ಕಣ್ಣಿನ ತೊಂದರೆಯೆಂದು ಓದನ್ನು ಬಿಟ್ಟು ಕಾರ್ಖಾನೆ ಸೇರಿದನು. 1878ರಲ್ಲಿ ಮಿಡ್‌ವೇಲ್ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿಯಾಗಿ ಹೊಕ್ಕು, ಮೇಸ್ತ್ರಿಯಾಗಿ, ಕೆಲವೇ ವರ್ಷಗಳಲ್ಲಿ ಮುಖ್ಯ ಇಂಜಿನಿಯರನ ಪದವಿಗೇರಿದನು. ಕೆಲಸಗಾರರ ನಡುವೆ ನಿಂತು ದುಡಿದುದರಿಂದ ಅವರ ಒಳಗುಟ್ಟು ಅವನಿಗೆ ತಿಳಿದಿತ್ತು. ಅವರು ಬೇಕೆಂದೇ ನಿಧಾನವಾಗಿ ಕೆಲಸ ಮಾಡುತ್ತಿದ್ದರು. ಏಕೆಂದರೆ ಒಬ್ಬನು ಹುಮ್ಮಸ್ಸಿನಿಂದ ದಿನಕ್ಕೆ ಹತ್ತು ಬಿಡಿಭಾಗಗಳ ಬದಲು ಹದಿನೈದು ಮಾಡಿದರೆ, ಮಾಲೀಕನು ಮುಂದಿನ ವಾರ ಒಂದೊಂದಕ್ಕೆ ಕೊಡುವ ದರವನ್ನೇ ಇಳಿಸಿಬಿಡುತ್ತಿದ್ದನು. ಆಗ ಹದಿನೈದು ಮಾಡಿದರೂ ಮೊದಲಿನ ಹತ್ತರ ಕೂಲಿಯೇ. ಇಂಥಲ್ಲಿ ಮೈಗಳ್ಳತನ ಸೋಮಾರಿತನವಲ್ಲ, ಆತ್ಮರಕ್ಷಣೆ. ಟೇಲರನು ಇದನ್ನು ಅರ್ಥಮಾಡಿಕೊಂಡಿದ್ದನೆಂಬುದನ್ನು ಅವನನ್ನು ಬಯ್ಯುವವರು ಮರೆಯುತ್ತಾರೆ. ತಪ್ಪು ಕೂಲಿಯದಲ್ಲ, ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂಬುದೇ ಗೊತ್ತಿಲ್ಲದ ಆಡಳಿತದವರದು ಎಂದು ಅವನು ವಾದಿಸುತ್ತಿದ್ದನು. ಗೊತ್ತುಮಾಡಿಕೊಳ್ಳುವ ಉಪಾಯವೇ ಗುಂಡಿ ಒತ್ತಿದರೆ ಓಡುವ, ಮತ್ತೆ ಒತ್ತಿದರೆ ನಿಲ್ಲುವ ಗಡಿಯಾರ, ಸ್ಟಾಪ್‌ವಾಚು.

ಅವನ ಹೆಸರಿಗೆ ಅಂಟಿಕೊಂಡ ಪ್ರಯೋಗ ನಡೆದದ್ದು 1899ರಲ್ಲಿ, ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ. ಅಲ್ಲಿಯ ಅಂಗಳದಲ್ಲಿ 80,000 ಟನ್ನು ಬೀಡುಕಬ್ಬಿಣ ಗಟ್ಟಿಗಟ್ಟಿಯಾಗಿ ಬಿದ್ದಿತ್ತು. ಒಂದೊಂದು ಗಟ್ಟಿಯ ತೂಕ 92 ಪೌಂಡು, ಎಂದರೆ ಸುಮಾರು 42 ಕಿಲೋ. ಕೂಲಿಯವನು ಅದನ್ನು ಎತ್ತಿ, ಹಲಗೆಯ ಮೇಲೆ ಹತ್ತಿ, ರೈಲಿನ ಬಂಡಿಗೆ ಹಾಕಬೇಕು. ದಿನಕ್ಕೆ ತಲೆಗೆ ಹನ್ನೆರಡೂವರೆ ಟನ್ನು ಸಾಗುತ್ತಿತ್ತು. ಟೇಲರನು ಲೆಕ್ಕಹಾಕಿ, ಸರಿಯಾದ ಆಳನ್ನು ಆರಿಸಿ, ಯಾವಾಗ ಎತ್ತಬೇಕು ಯಾವಾಗ ಕೂರಬೇಕು ಎಂದು ಹೇಳುತ್ತ ಹೋದರೆ ನಲವತ್ತೇಳು ಟನ್ನು ಸಾಗಿಸಬಹುದೆಂದನು. ಆರಿಸಿದ ಆಳನ್ನು ತನ್ನ ಪುಸ್ತಕದಲ್ಲಿ ಷ್ಮಿಟ್ ಎಂದು ಕರೆದಿದ್ದಾನೆ. ನಿಜವಾದ ಹೆಸರು ಹೆನ್ರಿ ನೋಲ್. ದಿನಕ್ಕೆ 1 ಡಾಲರು 15 ಸೆಂಟು ಪಡೆಯುತ್ತಿದ್ದವನಿಗೆ 1 ಡಾಲರು 85 ಸೆಂಟು ಕೊಡಲಾಯಿತು. ಕೂಲಿ ಶೇಕಡ 60ರಷ್ಟು ಏರಿತು. ಕೆಲಸ ಸುಮಾರು ನಾಲ್ಕು ಪಾಲಾಯಿತು. ನಾನು ಕಾಗದದ ಮೇಲೆ ಗುಣಿಸಿ ನೋಡಿದೆ: ನಲವತ್ತೇಳು ಟನ್ನೆಂದರೆ ಸಾವಿರದ ನೂರಕ್ಕಿಂತ ಹೆಚ್ಚು ಗಟ್ಟಿಗಳು; ಹತ್ತು ಗಂಟೆಯ ದಿನದಲ್ಲಿ ಸರಾಸರಿ ಅರ್ಧ ನಿಮಿಷಕ್ಕೆ ಒಂದು. 1974ರಲ್ಲಿ ಇಬ್ಬರು ಸಂಶೋಧಕರು ಹಳೆಯ ಕಾಗದಪತ್ರಗಳನ್ನು ತೆಗೆದು ನೋಡಿ, ಟೇಲರನು ಹೇಳಿದ ಕತೆಯಲ್ಲಿ ಒಗ್ಗರಣೆ ಬಹಳವಿದೆಯೆಂದು ತೋರಿಸಿಕೊಟ್ಟರು. ಇರಲಿ. ಕತೆ ಎಷ್ಟು ನಿಜವೆಂಬುದಕ್ಕಿಂತ, ಅದನ್ನು ಅವನು ಹೇಳಿದ ಧಾಟಿಯೇ ಮುಖ್ಯ. ಇಂಥ ಕೆಲಸಕ್ಕೆ ತಕ್ಕವನು ಬುದ್ಧಿಯಲ್ಲಿ ಎತ್ತನ್ನು ಹೋಲುವವನು ಎಂದು ಅವನು ಸಂಕೋಚವಿಲ್ಲದೆ ಬರೆದನು. ಯೋಚಿಸುವುದು ಆಫೀಸಿನ ಕೆಲಸ, ಎತ್ತುವುದು ಅಂಗಳದ ಕೆಲಸ. ಯಾವಾಗ ನಿಲ್ಲಬೇಕು, ಎಷ್ಟು ಹೊತ್ತು ಕೂರಬೇಕು ಎಂಬುದನ್ನು ಕೂಡ ಗಡಿಯಾರ ಹಿಡಿದವನು ಹೇಳಬೇಕು.

ಅದೇ ಅಂಗಳದಲ್ಲಿ ಅವನು ಸಲಿಕೆಯನ್ನೂ ಬಿಡಲಿಲ್ಲ. ಅದಿರಿರಲಿ ಕಲ್ಲಿದ್ದಲಿರಲಿ, ಒಂದು ಸಲಿಕೆಗೆ 21 ಪೌಂಡು ಭಾರ ಬಂದರೆ ಆಳು ಬಳಲದೆ ಹೆಚ್ಚು ಕೆಲಸ ಮಾಡುತ್ತಾನೆಂದು ಕಂಡುಕೊಂಡು, ಹಗುರ ಪದಾರ್ಥಕ್ಕೆ ದೊಡ್ಡ ಸಲಿಕೆ, ಭಾರಕ್ಕೆ ಸಣ್ಣ ಸಲಿಕೆ ಮಾಡಿಸಿದನು. ಇದು ಜಾಣತನದ ಮಾತೆಂಬುದರಲ್ಲಿ ಸಂಶಯವಿಲ್ಲ. ನಾನೂರು, ಆರುನೂರು ಮಂದಿ ಮಾಡುತ್ತಿದ್ದ ಕೆಲಸ ನೂರನಲವತ್ತು ಮಂದಿಯಿಂದ ಆಗತೊಡಗಿತು. ಉಳಿದವರು ಎಲ್ಲಿಗೆ ಹೋದರೆಂಬುದು ಲೆಕ್ಕದ ಪುಸ್ತಕದಲ್ಲಿ ಬರುವ ವಿಷಯವಲ್ಲ. 1901ರಲ್ಲಿ ಬೆತ್ಲೆಹೆಮಿನವರು ಟೇಲರನನ್ನೂ ಕೆಲಸದಿಂದ ತೆಗೆದರು.

ಅವನ ಹಾದಿಯಲ್ಲಿಯೇ ಬಂದ ಫ್ರಾಂಕ್ ಗಿಲ್ಬ್ರೆತ್ತನ ಸ್ವಭಾವ ಬೇರೆ. ಅವನು ಮೊದಲು ಇಟ್ಟಿಗೆ ಕಟ್ಟುವ ಗಾರೆಯವನು. ನಮ್ಮ ಬೀದಿಯಲ್ಲಿ ಮನೆ ಕಟ್ಟುವುದನ್ನು ನಿಂತು ನೋಡಿದವರಿಗೆ ತಿಳಿದೀತು. ಗಾರೆಯವನು ಪ್ರತಿ ಇಟ್ಟಿಗೆಗೂ ನೆಲಕ್ಕೆ ಬಾಗಿ ಏಳುತ್ತಾನೆ, ಇಟ್ಟಿಗೆಯನ್ನು ಕೈಯಲ್ಲಿ ಹೊರಳಿಸಿ ಒಳ್ಳೆಯ ಮುಖ ಹುಡುಕುತ್ತಾನೆ, ಕರಣೆಯಿಂದ ಕುಟ್ಟುತ್ತಾನೆ. ಗಿಲ್ಬ್ರೆತ್ತನು ಗೋಡೆ ಎದ್ದಂತೆ ತಾನೂ ಏರುವ ಸಾರವೆಯನ್ನು ಮಾಡಿ, ಇಟ್ಟಿಗೆಯನ್ನು ಸೊಂಟದ ಮಟ್ಟದಲ್ಲಿ ಜೋಡಿಸಿಡಿಸಿ, ಹದಿನೆಂಟು ಚಲನೆಗಳನ್ನು ಐದಕ್ಕೆ ಇಳಿಸಿದನು. ಬೆನ್ನು ಬಾಗುವುದು ತಪ್ಪಿತು. ಅವನ ಹೆಂಡತಿ ಲಿಲಿಯನ್ ಮನಶ್ಶಾಸ್ತ್ರ ಓದಿದಾಕೆ. ಹನ್ನೆರಡು ಮಕ್ಕಳನ್ನು ಹೆತ್ತು, ಗಂಡನು 1924ರಲ್ಲಿ ತೀರಿಕೊಂಡ ಮೇಲೆ ಅದೇ ವಿದ್ಯೆಯನ್ನು ಅಡಿಗೆಮನೆಗೆ ತಂದಳು. ಆಯಾಸವನ್ನು ಕಳೆಯುವುದೇ ಗುರಿ, ಅವಸರ ಗುರಿಯಲ್ಲ ಎನ್ನುವುದು ಈ ದಂಪತಿಗಳ ನಿಲುವು. ಇಂಥವರು ಈ ಚರಿತ್ರೆಯಲ್ಲಿ ಕಡಮೆ. ಇನ್ನೊಂದು ಕಡೆ, ಬಂಡವಾಳಗಾರರ ಪರಮ ಶತ್ರುವೆನಿಸಿದ್ದ ಲೆನಿನ್ನನೂ 1918ರಲ್ಲಿ ಟೇಲರನ ಪದ್ಧತಿಯನ್ನು ರಷ್ಯದವರು ಕಲಿಯಬೇಕೆಂದು ಬರೆದನೆಂಬುದನ್ನು ನೆನೆದರೆ ಗಡಿಯಾರಕ್ಕೆ ಪಕ್ಷವಿಲ್ಲವೆಂದು ತೋರುತ್ತದೆ.

ಆದರೆ ಗಡಿಯಾರವನ್ನು ಎದುರಿಸಿ ನಿಂತವರೂ ಇದ್ದರು. ಮ್ಯಾಸಚೂಸೆಟ್ಸ್ ಪ್ರಾಂತದ ವಾಟರ್‌ಟೌನಿನಲ್ಲಿ ಅಮೆರಿಕದ ಸರಕಾರದ್ದೇ ಒಂದು ಶಸ್ತ್ರಾಗಾರವಿತ್ತು. ಅಲ್ಲಿ ಟೇಲರನ ಪದ್ಧತಿಯನ್ನು ತಂದರು. 1911ರ ಆಗಸ್ಟಿನಲ್ಲಿ ಅಧಿಕಾರಿಗಳು ಎರಕದ ಮನೆಗೆ ಸ್ಟಾಪ್‌ವಾಚು ಹಿಡಿದ ಮನುಷ್ಯನನ್ನು ಕಳುಹಿಸಿದರು. ಅವನು ಯಂತ್ರಾಗಾರದ ಕೆಲಸ ಬಲ್ಲವನೇ ಹೊರತು ಎರಕದ ಕೆಲಸ ಬಲ್ಲವನಲ್ಲ. ಮರಳಿನ ಹದ, ಅಚ್ಚಿನ ಬಿಗಿ, ಕಾದ ಲೋಹದ ಬಣ್ಣ, ಇವೆಲ್ಲ ಎರಕದವನ ಕಣ್ಣಿಗೆ, ಬೆರಳಿಗೆ ಗೊತ್ತು, ಗಡಿಯಾರಕ್ಕೆ ಗೊತ್ತಿಲ್ಲ. ಕೆಲಸಗಾರರು ಸಂಜೆ ಕೂಡಿಕೊಂಡು, ಇದು ತಮ್ಮ ಮರ್ಯಾದೆಗೆ ಕುಂದೆಂದು ಅರ್ಜಿ ಬರೆದರು. ಮರುದಿನ ಒಬ್ಬನು ಗಡಿಯಾರದ ಮುಂದೆ ಕೆಲಸ ಮಾಡಲಾರೆನೆಂದನು. ಅವನನ್ನು ತೆಗೆದುಹಾಕಿದರು, ಎರಕದವರೆಲ್ಲರೂ ಅವನ ಹಿಂದೆಯೇ ಹೊರಕ್ಕೆ ನಡೆದರು. ಮುಷ್ಕರ ನಡೆದದ್ದು ಒಂದೇ ವಾರ. ಅದರ ಪ್ರತಿಧ್ವನಿ ಮಾತ್ರ ವಾಷಿಂಗ್ಟನ್ನಿನವರೆಗೆ ಹೋಯಿತು. ಹಿಂದೆ ಗಣಿಯಲ್ಲಿ ದುಡಿದಿದ್ದ ವಿಲಿಯಂ ವಿಲ್ಸನ್ ಎಂಬ ಸದಸ್ಯನ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಸಮಿತಿಯೊಂದು ನೇಮಕವಾಗಿ, 1912ರ ಜನವರಿಯಲ್ಲಿ ಟೇಲರನನ್ನು ದಿನಗಟ್ಟಲೆ ಪ್ರಶ್ನಿಸಿತು. 1915ರಲ್ಲಿ ಸೇನೆಯ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚಿನಿಂದ ಕೆಲಸ ಅಳೆಯುವುದಕ್ಕೆ ಸರಕಾರದ ಹಣ ಬಳಸಕೂಡದೆಂದು ಕಾನೂನಾಯಿತು. ಆ ನಿಷೇಧ 1949ರವರೆಗೂ ಉಳಿಯಿತು. ಎರಡು ಮಹಾಯುದ್ಧಗಳನ್ನು ಗೆದ್ದ ದೇಶದ ಶಸ್ತ್ರಾಗಾರಗಳಲ್ಲಿ ಈ ಗಡಿಯಾರಕ್ಕೆ ಪ್ರವೇಶವಿರಲಿಲ್ಲವೆಂಬುದು ಸೋಜಿಗದ ಸಂಗತಿಯಲ್ಲವೆ?

ಟೇಲರನು ಅದೇ 1915ರ ಮಾರ್ಚಿ 21ರಂದು, ಐವತ್ತೊಂಬತ್ತು ತುಂಬಿದ ಮರುದಿನ, ಆಸ್ಪತ್ರೆಯಲ್ಲಿ ತೀರಿಕೊಂಡನು. ಬೆಳಗಿನ ಜಾವ ನಾಲ್ಕೂವರೆಗೆ ಅವನು ತನ್ನ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಸದ್ದು ದಾದಿಗೆ ಕೇಳಿಸಿತಂತೆ. ಅರ್ಧ ಗಂಟೆಯಲ್ಲಿ ಅವನು ಇರಲಿಲ್ಲ.

ಅಷ್ಟರಲ್ಲಿ ಡೆಟ್ರಾಯಿಟಿನಲ್ಲಿ ಹೆನ್ರಿ ಫೋರ್ಡನು ಗಡಿಯಾರದವನೂ ಬೇಕಿಲ್ಲದಂಥ ಉಪಾಯವನ್ನು ಕಂಡುಹಿಡಿದಿದ್ದನು. ಅಲ್ಲಿಯವರೆಗೆ ಕಾರು ಒಂದೆಡೆ ನಿಂತಿರುತ್ತಿತ್ತು, ಕೆಲಸಗಾರರು ಅದರ ಸುತ್ತ ಓಡಾಡುತ್ತಿದ್ದರು. ಹೈಲೆಂಡ್ ಪಾರ್ಕ್ ಕಾರ್ಖಾನೆಯಲ್ಲಿ 1913ರ ಏಪ್ರಿಲಿನಿಂದ ಇದು ತಲೆಕೆಳಗಾಯಿತು. ಮೊದಲು ಮ್ಯಾಗ್ನೆಟೋ ಎಂಬ ಸಣ್ಣ ಭಾಗ. ಒಬ್ಬನೇ ಕುಳಿತು ಇಪ್ಪತ್ತು ನಿಮಿಷದಲ್ಲಿ ಜೋಡಿಸುತ್ತಿದ್ದುದನ್ನು ಇಪ್ಪತ್ತೊಂಬತ್ತು ಮಂದಿಗೆ ಹಂಚಿ, ಕೈಯಿಂದ ಕೈಗೆ ಸರಿಯುವಂತೆ ಮಾಡಿದರು. ಹದಿಮೂರು ನಿಮಿಷಕ್ಕೆ ಇಳಿಯಿತು. ಮೇಜನ್ನು ಎತ್ತರಿಸಿ ಸರಪಳಿಯಿಂದ ಎಳೆಯಿಸಿದ ಮೇಲೆ ಐದು ನಿಮಿಷ. ಅನಂತರ ಕಾರಿನ ಅಡಿಚೌಕಟ್ಟನ್ನೇ ಎಳೆಯತೊಡಗಿದರು. ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಜೋಡಣೆ ಮರುವರ್ಷಕ್ಕೆ 93 ನಿಮಿಷದ ಕೆಲಸವಾಯಿತು. ಷಿಕಾಗೋದ ಕಸಾಯಿಖಾನೆಗಳಲ್ಲಿ ಕೊಂಡಿಗೆ ನೇತುಹಾಕಿದ ದನದ ದೇಹ ಒಬ್ಬ ಕಟುಕನಿಂದ ಇನ್ನೊಬ್ಬನಿಗೆ ಸಾಗುವುದನ್ನು ನೋಡಿ ಈ ಯೋಚನೆ ಬಂದಿತೆಂದು ಹೇಳುತ್ತಾರೆ. ಅಲ್ಲಿ ಬಿಚ್ಚುವುದು, ಇಲ್ಲಿ ಜೋಡಿಸುವುದು, ಅಷ್ಟೇ ವ್ಯತ್ಯಾಸ.

ಸರಪಳಿಗೆ ವೇಗವಿದೆ, ಕಿವಿ ಇಲ್ಲ. ಎಡಗಡೆಯಿಂದ ಬಂದುದನ್ನು ಬಲಗಡೆಗೆ ಹೋಗುವುದರೊಳಗೆ ಬಿಗಿಯಬೇಕು. ತಿರುಪು ಸರಿಯಾಗಿ ಕೂರದಿದ್ದರೂ ಅದು ಮುಂದಕ್ಕೆ ಹೋಗಿಬಿಡುತ್ತದೆ. 1913ನೆಯ ವರ್ಷದಲ್ಲಿ ಫೋರ್ಡನ ಕಾರ್ಖಾನೆಯನ್ನು ಬಿಟ್ಟುಹೋದವರ ಪ್ರಮಾಣ ಶೇಕಡ 370. ಹದಿನಾಲ್ಕು ಸಾವಿರ ಕೆಲಸಗಾರರನ್ನು ಉಳಿಸಿಕೊಳ್ಳುವುದಕ್ಕೆ ವರ್ಷದಲ್ಲಿ ಐವತ್ತು ಸಾವಿರಕ್ಕೂ ಮೀರಿ ಜನರನ್ನು ಸೇರಿಸಿಕೊಳ್ಳಬೇಕಾಯಿತು. ಕಾಲುಗಳು ಕೊಟ್ಟ ಮತವೆಂದರೆ ಇದು. 1914ರ ಜನವರಿ 5ರಂದು ಫೋರ್ಡನು ದಿನಕ್ಕೆ ಎಂಟು ಗಂಟೆ, ಐದು ಡಾಲರು ಎಂದು ಸಾರಿದನು. ಹಿಂದೆ ಇದ್ದುದು ಒಂಬತ್ತು ಗಂಟೆಗೆ ಎರಡೂ ಕಾಲು ಡಾಲರಿಗಿಂತ ಸ್ವಲ್ಪ ಹೆಚ್ಚು. ಒಂದು ವಾರದಲ್ಲಿ ಗೇಟಿನ ಮುಂದೆ ಸಾವಿರಾರು ಜನ ನೆರೆದರು. ಮೈ ಕೊರೆಯುವ ಚಳಿಯಲ್ಲಿ ಅವರ ಮೇಲೆ ಬೆಂಕಿ ಆರಿಸುವ ಕೊಳವೆಯಿಂದ ನೀರು ಹಾರಿಸಲಾಯಿತು. ಐದು ಡಾಲರು ಪೂರ್ತಿ ಕೈಗೆ ಬರಬೇಕಾದರೆ ಆರು ತಿಂಗಳ ಸೇವೆಯಾಗಿರಬೇಕು. ಕಂಪೆನಿಯ ತನಿಖೆದಾರನು ಮನೆಗೇ ಬಂದು, ಕುಡಿಯುತ್ತಾನೆಯೆ, ಹಣ ಉಳಿಸುತ್ತಾನೆಯೆ, ಮನೆ ಚೊಕ್ಕಟವಾಗಿದೆಯೆ ಎಂದು ನೋಡಿ ಬರೆದುಕೊಳ್ಳಬೇಕು.

ಆ ತಿಂಗಳೇ ಕೆಲಸಗಾರನೊಬ್ಬನ ಹೆಂಡತಿ ಫೋರ್ಡನಿಗೆ ಪತ್ರ ಬರೆದಳು. ಗಂಡನು ಮನೆಗೆ ಬಂದವನೇ ಬಿದ್ದುಕೊಳ್ಳುತ್ತಾನೆ, ಊಟವನ್ನೂ ಮಾಡುವುದಿಲ್ಲ, ನಿಮ್ಮ ಸರಪಳಿ ಗುಲಾಮರನ್ನು ದುಡಿಸುವವನಂತಿದೆ, ಇದಕ್ಕೆ ಏನೂ ಉಪಾಯವಿಲ್ಲವೆ ಎಂದು ಕೇಳಿದ್ದಳು. ಐದು ಡಾಲರು ನಮಗೆ ದೊಡ್ಡ ವರವೆಂದೂ ಅದೇ ಪತ್ರದಲ್ಲಿ ಒಪ್ಪಿಕೊಂಡಿದ್ದಳು. ಈ ಶತಮಾನದ ಕೈಗಾರಿಕೆಯ ಚರಿತ್ರೆಯ ಮೇಲೆ ನೂರಾರು ದಪ್ಪ ಪುಸ್ತಕಗಳು ಬಂದಿವೆ. ಆ ಹೆಣ್ಣುಮಗಳು ಹೇಳಿದುದಕ್ಕಿಂತ ಹೆಚ್ಚಿನದನ್ನು ಹೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಕಾರಿನ ಬೆಲೆ 1908ರಲ್ಲಿ 850 ಡಾಲರು ಇದ್ದುದು 1925ರ ಹೊತ್ತಿಗೆ ಮುನ್ನೂರಕ್ಕಿಂತ ಕೆಳಗಿಳಿದು, ಸಾಮಾನ್ಯ ರೈತನೂ ಕಾರು ಕೊಂಡನು. ಎರಡೂ ನಿಜವೇ.

ಸರಪಳಿಯನ್ನು ನಿಲ್ಲಿಸುವುದು ಮಹಾಪರಾಧವೆನಿಸಿತು. ಒಂದು ನಿಮಿಷ ನಿಲ್ಲಿಸುವ ಹಕ್ಕಿಲ್ಲದವರು ಕೊನೆಗೆ ಏನು ಮಾಡಿದರು? ಫೋರ್ಡನ ಪದ್ಧತಿಯನ್ನೇ ಅನುಸರಿಸಿದ್ದ ಜನರಲ್ ಮೋಟಾರ್ಸ್ ಕಂಪೆನಿಯ ಫ್ಲಿಂಟ್ ಊರಿನ ಕಾರ್ಖಾನೆಗಳಲ್ಲಿ 1936ರ ಡಿಸೆಂಬರ್ 30ರಂದು ಕೆಲಸಗಾರರು ಹೊರಕ್ಕೆ ಹೋಗದೆ, ಯಂತ್ರಗಳ ಪಕ್ಕದಲ್ಲಿಯೇ ಕುಳಿತುಬಿಟ್ಟರು. ಹೊರಗೆ ಹೋದರೆ ಬೇರೆಯವರನ್ನು ತಂದು ಓಡಿಸುತ್ತಾರೆ. ಒಳಗೆ ಕುಳಿತರೆ ಯಾರು ಓಡಿಸಬೇಕು? ನಲವತ್ತನಾಲ್ಕು ದಿನ ಕಾರ್ಖಾನೆ ನಿಂತಿತು. ಕಂಪೆನಿ ಅವರ ಸಂಘವನ್ನು ಒಪ್ಪಿಕೊಂಡಿತು. ಕೂಲಿಯ ಜೊತೆಗೆ ಅವರ ದೊಡ್ಡ ದೂರು ಸರಪಳಿಯ ವೇಗದ ಮೇಲೆಯೇ ಇತ್ತು.

ಈಗ ನಾವು ಮಗ್ಗಕ್ಕೆ ಹಿಂದಿರುಗಬೇಕು. ಏಕೆಂದರೆ ಈ ಪ್ರಶ್ನೆಗೆ ಬೇರೊಂದು ಉತ್ತರ ಹುಟ್ಟಿದುದು ನೇಕಾರರ ಮನೆಯಲ್ಲಿ. ಜಪಾನಿನ ಬಡಗಿಯೊಬ್ಬನ ಮಗ ಸಾಕಿಚಿ ಟೊಯೋಡ, 1867ರಲ್ಲಿ ಹುಟ್ಟಿದವನು. ತಾಯಿ ಮಗ್ಗದ ಮುಂದೆ ಪಡುವ ಶ್ರಮವನ್ನು ನೋಡುತ್ತ ಬೆಳೆದು, 1891ರಲ್ಲಿ ಸುಧಾರಿಸಿದ ಮರದ ಕೈಮಗ್ಗಕ್ಕೆ ಪೇಟೆಂಟು ಪಡೆದನು. ಐದು ವರ್ಷಗಳಲ್ಲಿ ಯಂತ್ರದ ಮಗ್ಗ ಬಂದಿತು. ಅದರಲ್ಲಿ ಹೊಕ್ಕಿನ ಎಳೆ ಹರಿದರೆ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. 1924ರ ಹೊತ್ತಿಗೆ ಸಿದ್ಧವಾದ ಅವನ ಜಿ ಮಾದರಿಯ ಮಗ್ಗ ಓಟ ನಿಲ್ಲಿಸದೆಯೇ ಲಾಳಿಯನ್ನು ಬದಲಾಯಿಸಿಕೊಳ್ಳುತ್ತಿತ್ತು, ಹಾಸು ಹೊಕ್ಕು ಯಾವುದು ಹರಿದರೂ ನಿಲ್ಲುತ್ತಿತ್ತು. ಇದರಿಂದ ಆದ ಲಾಭವನ್ನು ಗಮನಿಸಬೇಕು. ಯಂತ್ರ ತಾನಾಗಿ ನಿಲ್ಲುವುದಾದರೆ ಅದನ್ನು ಕಾಯುತ್ತ ನಿಲ್ಲಬೇಕಾಗಿಲ್ಲ. ಒಬ್ಬಳು ಹುಡುಗಿ ಎಷ್ಟೋ ಮಗ್ಗಗಳನ್ನು ನೋಡಿಕೊಳ್ಳಬಹುದು. ಅಡಿಗೆಮನೆಯಲ್ಲಿದ್ದು ಒಂದು ಕಿವಿಯನ್ನು ಮಗ್ಗಕ್ಕೆ ಕೊಟ್ಟ ದೊಡ್ಡಬಳ್ಳಾಪುರದ ಹೆಂಗಸಿನಂತೆಯೇ. 1929ರಲ್ಲಿ ಇಂಗ್ಲೆಂಡಿನ ಓಲ್ಡಂ ಪಟ್ಟಣದ ಪ್ಲಾಟ್ ಸೋದರರ ಕಂಪೆನಿ ಒಂದು ಲಕ್ಷ ಪೌಂಡು ಕೊಟ್ಟು ಈ ಪೇಟೆಂಟಿನ ಹಕ್ಕನ್ನು ಕೊಂಡಿತು. ನೇಯ್ಗೆಯ ಯಂತ್ರಗಳನ್ನು ಲೋಕಕ್ಕೆಲ್ಲ ಮಾರಿದ ಲ್ಯಾಂಕಷೈರಿನವರು ಜಪಾನಿನ ಬಡಗಿಯ ಮಗನಿಂದ ವಿದ್ಯೆ ಕೊಳ್ಳುವ ಕಾಲ ಬಂದಿತ್ತು. ಸಾಕಿಚಿಯ ಮಗ ಕಿಇಚಿರೋನಿಗೆ ಮೋಟಾರಿನ ಹುಚ್ಚು. ಅವನು 1937ರಲ್ಲಿ ಟೊಯೋಟ ಮೋಟಾರು ಕಂಪೆನಿಯನ್ನು ಕಟ್ಟಿದನು.

ಯುದ್ಧದಲ್ಲಿ ಜಪಾನು ಸೋತು ನೆಲಕ್ಕೆ ಬಿದ್ದಿತು. ಮೂರು ವರ್ಷದಲ್ಲಿ ಅಮೆರಿಕವನ್ನು ಹಿಡಿಯಬೇಕೆಂದು ಕಿಇಚಿರೋ ಹೇಳಿದನಂತೆ. ಐದು ವರ್ಷದಲ್ಲಿ ಕಂಪೆನಿಯೇ ದಿವಾಳಿಯ ಅಂಚಿಗೆ ಬಂದಿತು. ಮಾರಾಟವಾಗದ ಲಾರಿಗಳು ಅಂಗಳದಲ್ಲಿ ನಿಂತವು. 1950ರಲ್ಲಿ ಸಾವಿರಾರು ಮಂದಿಯನ್ನು ತೆಗೆಯಲು ಹೊರಟಾಗ ಎರಡು ತಿಂಗಳ ಹೋರಾಟವಾಗಿ, ಜನರೂ ಹೋದರು, ಜೂನ್ ತಿಂಗಳಲ್ಲಿ ಕಿಇಚಿರೋನೂ ರಾಜೀನಾಮೆ ಕೊಟ್ಟನು. ಅದೇ ತಿಂಗಳು ಕೊರಿಯಾದ ಯುದ್ಧ ಆರಂಭವಾಗಿ, ಅಮೆರಿಕನರು ಲಾರಿಗಳಿಗಾಗಿ ಬಂದರು. ಕಂಪೆನಿ ಉಳಿಯಿತು, ಹಳಬನು ಎರಡು ವರ್ಷದೊಳಗೆ ತೀರಿಕೊಂಡನು.

ಇದನ್ನೆಲ್ಲ ಹತ್ತಿರದಿಂದ ಕಂಡವನು ತಾಯಿಚಿ ಓನೋ. ಅವನು ಮೊದಲು ಟೊಯೋಡರ ನೂಲಿನ ಗಿರಣಿಯಲ್ಲಿದ್ದು, 1943ರಲ್ಲಿ ಮೋಟಾರು ಕಂಪೆನಿಗೆ ಬಂದವನು. ಮಾರಾಟವಾಗದ ಲಾರಿಗಳು ಅವನಿಗೆ ಒಂದು ಪಾಠವಾದವು. ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಸಾಮಾನು ತುಂಬಿದರೆ ಏನಿದೆ ಏನಿಲ್ಲವೆಂಬುದೇ ಮರೆತುಹೋಗಿ, ಇಲಿ ಕಡಿದುದು ಕೂಡ ತಿಳಿಯುವುದಿಲ್ಲ. ಕಾರ್ಖಾನೆಯ ದಾಸ್ತಾನೂ ಹಾಗೆಯೇ. ರಾಶಿ ಬಿದ್ದಿದ್ದರೆ ಅದರಲ್ಲಿ ಹತ್ತು ಕೆಟ್ಟಿದ್ದರೂ ಯಾರಿಗೂ ಲಕ್ಷ್ಯವಿಲ್ಲ, ಇನ್ನೊಂದನ್ನು ಎತ್ತಿಕೊಂಡರಾಯಿತು. ಹಾಗಾದರೆ ರಾಶಿಯೇ ಬೇಡ. ಮುಂದಿನವನು ಕೇಳಿದಾಗ, ಕೇಳಿದಷ್ಟನ್ನು ಮಾತ್ರ ಹಿಂದಿನವನು ಮಾಡಲಿ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಗಿರಾಕಿ ಎತ್ತಿಕೊಂಡು ಹೋದ ಮೇಲೆ ಆ ಜಾಗ ತುಂಬುವ ಪದ್ಧತಿಯನ್ನು ಕೇಳಿ ತಿಳಿದು, 1950ರ ದಶಕದ ಆರಂಭದಲ್ಲಿ ತನ್ನ ವಿಭಾಗದಲ್ಲಿ ಅದನ್ನು ಆರಂಭಿಸಿದನು. ಬೇಡಿಕೆಯನ್ನು ಹೇಳುವುದಕ್ಕೆ ಒಂದು ಚೀಟಿ. ಅದೇ ಹೆಸರಾಂತ ಕಾನ್‌ಬಾನ್. ಇದರಲ್ಲಿ ಗಹನವಾದುದು ಏನೂ ಇಲ್ಲ. ನಮ್ಮ ಮನೆಗಳಲ್ಲಿ ಖಾಲಿ ಗ್ಯಾಸ್ ಸಿಲಿಂಡರನ್ನು ಬಾಗಿಲಲ್ಲಿಟ್ಟರೆ ತುಂಬಿದುದು ಬರುತ್ತದೆಯಲ್ಲವೆ? ಖಾಲಿಯಾದುದೇ ಚೀಟಿ. ಆದರೆ ಮನೆಯಲ್ಲಿ ಎರಡನೆಯ ಸಿಲಿಂಡರು ಇಲ್ಲದಿದ್ದರೆ ಎಷ್ಟು ಎಚ್ಚರದಿಂದಿರಬೇಕೋ, ಅಷ್ಟು ಎಚ್ಚರ ಇಡೀ ಕಾರ್ಖಾನೆಗೆ ಬೇಕಾಗುತ್ತದೆ. ಒಂದು ಕೆಟ್ಟ ಬಿಡಿಭಾಗ ಬಂದರೆ ಮುಂದಿನವರೆಲ್ಲ ಕೈಕಟ್ಟಿ ಕೂರಬೇಕು.

ಅಲ್ಲಿಗೆ ಸಾಕಿಚಿಯ ಮಗ್ಗ ಓನೋನ ನೆರವಿಗೆ ಬಂದಿತು. ಎಳೆ ಹರಿದರೆ ಮಗ್ಗ ನಿಲ್ಲುವಂತೆ, ತಪ್ಪು ಕಂಡರೆ ಸರಪಳಿ ನಿಲ್ಲಬೇಕು. ನಿಲ್ಲಿಸುವವರು ಯಾರು? ತಪ್ಪು ಯಾರ ಕಣ್ಣಿಗೆ ಬೀಳುತ್ತದೆಯೋ ಅವರು, ಎಂದರೆ ಕೈಯಲ್ಲಿ ಸ್ಪ್ಯಾನರು ಹಿಡಿದವರು. ಕ್ರಮೇಣ ಟೊಯೋಟ ಕಾರ್ಖಾನೆಗಳಲ್ಲಿ ಸರಪಳಿಯ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ ಬಂದಿತು. ಯಾವ ಕೆಲಸಗಾರನಾದರೂ ಅದನ್ನು ಎಳೆಯಬಹುದು. ಎಳೆದರೆ ಫಲಕದ ಮೇಲೆ ದೀಪ ಹತ್ತುತ್ತದೆ, ಮುಂದಾಳು ಓಡಿ ಬರುತ್ತಾನೆ. ಗೊತ್ತಾದ ಗಡಿಯೊಳಗೆ ಸರಿಹೋಗದಿದ್ದರೆ ಸರಪಳಿ ನಿಲ್ಲುತ್ತದೆ. ಏಕೆ ಹೀಗಾಯಿತೆಂದು ಐದು ಸಲ ಕೇಳಿ ಬೇರಿಗೆ ಇಳಿಯಬೇಕೆಂದು ಓನೋ ಹೇಳುತ್ತಿದ್ದನು. ಟೇಲರನು ಎತ್ತಿಗೆ ಹೋಲಿಸಿದ ಮನುಷ್ಯನಿಗೆ ಇಲ್ಲಿ ಕಣ್ಣು, ಬಾಯಿ ಎರಡೂ ಇವೆಯೆಂದು ಒಪ್ಪಿದಂತಾಯಿತು. ನನ್ನ ಮಟ್ಟಿಗೆ ಈ ಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಆವಿಷ್ಕಾರವಿಲ್ಲ.

ಹಾಗೆಂದು ಹಗ್ಗ ಕಟ್ಟಿದ ಕೂಡಲೇ ಸ್ವರ್ಗ ಇಳಿಯಿತೆಂದು ಯಾರೂ ತಿಳಿಯಬಾರದು. ಕಮಾತ ಸತೋಷಿ ಎಂಬ ಪತ್ರಕರ್ತನು 1972ರಲ್ಲಿ ಕೆಲವು ತಿಂಗಳ ಗುತ್ತಿಗೆಯ ಕೂಲಿಯಾಗಿ ಟೊಯೋಟ ಸೇರಿ, ಮರುವರ್ಷ ಒಂದು ಪುಸ್ತಕ ಬರೆದನು. ಅದರ ಜಪಾನೀ ಹೆಸರಿನಲ್ಲಿಯೇ ಹತಾಶೆಯ ಕಾರ್ಖಾನೆ ಎಂಬ ಮಾತಿದೆ. ಬಿಡುವಿಲ್ಲದ ವೇಗ, ಹೆಚ್ಚುವರಿ ದುಡಿಮೆ, ಮೈಮುರಿದು ಮಲಗಿದ ವಸತಿಗೃಹ, ಇವೆಲ್ಲ ಅದರಲ್ಲಿವೆ. ಮಿಕ್ಕುವ ರಾಶಿ ಇಲ್ಲವೆಂದರೆ ಮಿಕ್ಕುವ ಉಸಿರೂ ಇಲ್ಲವೆಂದು ಅರ್ಥವಾಗುವುದುಂಟು. ಹಗ್ಗವನ್ನು ಎಳೆದವನ ಕಡೆಗೆ ಮೇಸ್ತ್ರಿ ನೋಡುವ ನೋಟವೇ ಎಳೆಯದಂತೆ ಮಾಡಲೂಬಹುದು. ಹಗ್ಗ ನಿಯಮದಿಂದ ಕಟ್ಟಿದುದು, ನಂಬಿಕೆಯಿಂದ ಎಳೆಯುವುದು.

ನಂಬಿಕೆ ಹುಟ್ಟಿದಾಗ ಏನಾಗುತ್ತದೆಂಬುದಕ್ಕೆ ಕ್ಯಾಲಿಫೋರ್ನಿಯದ ಫ್ರೀಮಾಂಟ್ ಊರಿನ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಅಲ್ಲಿಯ ಜನರಲ್ ಮೋಟಾರ್ಸ್ ಕಾರ್ಖಾನೆ ಜಗಳಕ್ಕೆ, ಗೈರುಹಾಜರಿಗೆ, ಕೆಟ್ಟ ಕಾರುಗಳಿಗೆ ಹೆಸರಾಗಿ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಅದೇ ಕಂಪೆನಿ ಟೊಯೋಟದೊಡನೆ ಕೂಡಿ ಅದನ್ನು ತೆರೆಯಿತು. ಕಟ್ಟಡ ಹಳೆಯದೇ, ಕೆಲಸಗಾರರಲ್ಲಿ ಬಹುಪಾಲು ಹಳಬರೇ, ಸಂಘವೂ ಹಳೆಯದೇ. ಹಿಂದೆ ಏನೇ ಆಗಲಿ ಸರಪಳಿ ನಿಲ್ಲಕೂಡದೆಂದು ಆಜ್ಞೆಯಿತ್ತು. ಎಂಜಿನ್ನು ಅದಲುಬದಲಾದ ಕಾರೂ ಸಾಗಿಹೋಗುತ್ತಿತ್ತು. ಈಗ ತಲೆಯ ಮೇಲೆ ಹಗ್ಗ ಬಂದಿತು. ಸ್ವಲ್ಪ ಕಾಲದಲ್ಲಿಯೇ ಅಲ್ಲಿಯ ಕಾರುಗಳು ಜಪಾನಿನವುಗಳಿಗೆ ಸಮನಾದವೆಂದು ಲೆಕ್ಕಗಳು ಹೇಳಿದವು. ಜನರಲ್ ಮೋಟಾರ್ಸ್ ತನ್ನ ಉಳಿದ ಕಾರ್ಖಾನೆಗಳಲ್ಲಿಯೂ ಹಗ್ಗ ಕಟ್ಟಿಸಿತು. ಆದರೆ ಹಲವೆಡೆ ಎಳೆದವನನ್ನು ಬಯ್ಯುವುದು ತಪ್ಪಲಿಲ್ಲ. ಫ್ರೀಮಾಂಟಿನದು 2010ರಲ್ಲಿ ಮುಚ್ಚಿಹೋಯಿತು.

ಆ ಹಗ್ಗದ ಪದ್ಧತಿ ನಮ್ಮ ನೆರೆಗೂ ಬಂದಿದೆ. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ, ಮೈಸೂರು ರಸ್ತೆಯ ಪಕ್ಕದಲ್ಲಿ, ಕಿರ್ಲೋಸ್ಕರರೊಡನೆ ಕೂಡಿ ಟೊಯೋಟ 1997ರಲ್ಲಿ ಕಂಪೆನಿಯನ್ನು ಸ್ಥಾಪಿಸಿ, ಎರಡು ವರ್ಷದ ಮೇಲೆ ವಾಹನ ತಯಾರಿಸತೊಡಗಿತು. ಹತ್ತಿರದ ಹಳ್ಳಿಗಳ, ದೂರದ ಜಿಲ್ಲೆಗಳ ಎಷ್ಟೋ ಮನೆಯ ಹುಡುಗರು ಅಲ್ಲಿ ಕೆಲಸ ಕಲಿತರು. 2014ರ ಮಾರ್ಚಿ 16ರಂದು ಕಂಪೆನಿ ಬೀಗಮುದ್ರೆ ಘೋಷಿಸಿತು. ಅದು ಕೊಟ್ಟ ಕಾರಣಗಳಲ್ಲಿ ಮುಖ್ಯವಾದುದು, ಕೆಲವು ಕೆಲಸಗಾರರು ಇಪ್ಪತ್ತೈದು ದಿನಗಳಿಂದ ಬೇಕೆಂದೇ ಉತ್ಪಾದನೆಯ ಸಾಲನ್ನು ನಿಲ್ಲಿಸುತ್ತಿದ್ದಾರೆಂಬುದು. ಕಾರ್ಮಿಕ ಸಂಘದವರು ಹೇಳಿದ ಕತೆ ಬೇರೆ; ಅವರ ಪ್ರಕಾರ ಜಗಳದ ಮೂಲ ತಿಂಗಳುಗಟ್ಟಲೆ ಬಗೆಹರಿಯದ ಸಂಬಳದ ಮಾತುಕತೆ. ಇಬ್ಬರಲ್ಲಿ ಯಾರ ಮಾತು ಎಷ್ಟು ಸರಿಯೆಂದು ಬೆಂಗಳೂರಿನ ಮನೆಯಲ್ಲಿ ಕುಳಿತು ಪತ್ರಿಕೆ ಓದುವವನು ತೀರ್ಪು ಕೊಡಲಾರನು. ಸಾಲನ್ನು ನಿಲ್ಲಿಸುವುದು ಕೆಲಸಗಾರನ ಕರ್ತವ್ಯವೆಂದು ಲೋಕಕ್ಕೆ ಕಲಿಸಿದ ಕಂಪೆನಿಯಲ್ಲಿ, ಸಾಲನ್ನು ನಿಲ್ಲಿಸಿದರೆಂಬುದೇ ಆಪಾದನೆಯಾಯಿತೆಂಬುದನ್ನು ಮಾತ್ರ ನಾನು ಮತ್ತೆ ಮತ್ತೆ ಓದಿದೆ. 2020ರ ನವೆಂಬರಿನಲ್ಲಿ ಅಲ್ಲಿಯೇ ಮತ್ತೊಮ್ಮೆ ಬೀಗಮುದ್ರೆಯಾಯಿತು. ಆ ಸಲ ಕೆಲಸಗಾರರ ದೂರು ಕೆಲಸದ ಹೊರೆಯ ಮೇಲೆ, ಎಂದರೆ ಬೆತ್ಲೆಹೆಮಿನ ಅಂಗಳದಲ್ಲಿ ಟೇಲರನು ಕೇಳಿದ ಅದೇ ಪ್ರಶ್ನೆಯ ಮೇಲೆ: ಒಬ್ಬ ಮನುಷ್ಯನು ಒಂದು ದಿನದಲ್ಲಿ ಎಷ್ಟು ಮಾಡಬಹುದು? ಎರಡು ಸಲವೂ ಗೇಟಿನ ಒಳಗೆ ಬರಬೇಕಾದರೆ ಸನ್ನಡತೆಯ ಮುಚ್ಚಳಿಕೆ ಬರೆದುಕೊಡಬೇಕೆಂದು ಕಂಪೆನಿ ಕೇಳಿತು. ಮೊದಲ ಸಲದ ಜಗಳ ವಾರಗಳಲ್ಲಿ ತಣ್ಣಗಾಯಿತು. ಎರಡನೆಯದು ಮುಂದಿನ ವರ್ಷಕ್ಕೂ ಎಳೆಯಿತು.